ನಗುಮುಖವೊಂದೇ ಸೇವೆಯಲ್ಲ

ಮೆಹದಿಪಟ್ಟಣಂನ ನಮ್ಮವರ ಮನೆಗಳಲ್ಲಿ ಈಚೆಗೆ 'ಸರ್ವಿಸ್ ಡಿಸೈನ್' ಎಂಬ ಮಾತು ಕಿವಿಗೆ ಬೀಳುತ್ತಿದೆ. ಮಗನೋ ಮಗಳೋ ಅದನ್ನು ಕಲಿಯುತ್ತೇನೆಂದರೆ ಹಿರಿಯರ ಉತ್ತರ ಸಿದ್ಧವಾಗಿರುತ್ತದೆ: "ಸೇವೆಗೆ ಡಿಸೈನ್ ಯಾಕಪ್ಪಾ? ನಗುನಗುತ್ತಾ ಮಾತನಾಡಿದರೆ ಸಾಲದೇ?" ಅನೇಕ ಸಂಸ್ಥೆಗಳ ಮೇಲಧಿಕಾರಿಗಳ ಅಭಿಪ್ರಾಯವೂ ಇದೇ. ಈ ಅಭಿಪ್ರಾಯ ತಪ್ಪೆಂದು ಸ್ಪಷ್ಟವಾಗಿ ಹೇಳಬೇಕಾಗಿದೆ.

ಗುಮಾಸ್ತ ಎಷ್ಟೇ ನಗಲಿ, ಒಂದು ಅರ್ಜಿಗೆ ನಾಲ್ಕು ಕಿಟಕಿ ಸುತ್ತಬೇಕಾದರೆ ಅರ್ಧ ದಿನದ ರಜೆ ಹೋಗುವುದು ನಮ್ಮದೇ. ಆ ದೋಷ ಕೆಲಸವನ್ನು ಜೋಡಿಸಿದ ಕ್ರಮದ್ದು. ಆ ಕ್ರಮವನ್ನು ಗಿರಾಕಿ ನಿಂತ ಜಾಗದಿಂದ ನೋಡಿ ತಿದ್ದುವುದೇ ಈ ವಿದ್ಯೆ. 1984ರಲ್ಲಿ ಅಮೆರಿಕದ ಲಿನ್ ಶೊಸ್ಟಾಕ್ ಎಂಬ ಮಹಿಳೆ ಇದನ್ನು ವಿವರಿಸಲು ಆರಿಸಿಕೊಂಡದ್ದು ಬೂಟ್ ಪಾಲಿಶಿನ ಕೆಲಸವನ್ನು. ಪ್ರತಿ ಹಂತ, ಅದಕ್ಕೆ ಹಿಡಿಯುವ ಸಮಯ, ತಪ್ಪಾಗಬಹುದಾದ ಜಾಗ, ಗಿರಾಕಿಯ ಕಣ್ಣಿಗೆ ಬೀಳದ ಸಿದ್ಧತೆ, ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ತೋರಿಸಿದರು.

ಪರದೇಶದ ಸರಕೆಂದು ಮೂಗು ಮುರಿಯಬೇಡಿ. 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದರ್ಶಿನಿಗಳು ಮಾಡಿದ್ದೇನು? ಮೊದಲು ದುಡ್ಡು ಕೊಟ್ಟು, ಕಣ್ಣೆದುರೇ ಬೇಯುವ ತಿಂಡಿ ಪಡೆದು, ನಿಂತೇ ತಿಂದು ಹೊರಡುವ ಏರ್ಪಾಡು. ಹೈದರಾಬಾದಿನಲ್ಲೇ 2001ರಲ್ಲಿ ಬಂದ ಈ-ಸೇವಾ ಕೇಂದ್ರಗಳು ವಿದ್ಯುತ್, ನೀರು, ಟೆಲಿಫೋನ್ ಬಿಲ್ಲುಗಳನ್ನು ಒಂದೇ ಸೂರಿನಡಿ ತಂದವು. ಸಿಬ್ಬಂದಿಗೆ ನಗುವುದನ್ನು ಕಲಿಸಿದ್ದರಿಂದ ಇದು ಆಯಿತೇ?

ಕಲಿಯುವ ಮಕ್ಕಳಿಗೂ ಒಂದು ಮಾತು. ಬಣ್ಣದ ಚೀಟಿಗಳನ್ನು ಗೋಡೆಗೆ ಅಂಟಿಸಿ 'ಗ್ರಾಹಕರ ಅನುಭವ'ದ ಬಗ್ಗೆ ಭಾಷಣ ಬಿಗಿದರೆ ಯಾವ ಸಂಸ್ಥೆಯೂ ಕಾಸು ಬಿಚ್ಚದು. ತಡಕ್ಕೆ ಬೆಲೆ ಕಟ್ಟಿ ತೋರಿಸಿ. ಕರ್ನಾಟಕದ 2011ರ ಸಕಾಲ ಕಾಯ್ದೆ ಪ್ರತಿ ಸೇವೆಗೂ ಗಡುವು ಕೊಟ್ಟಿತು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ, 500 ರೂಪಾಯಿಯವರೆಗೆ, ಅರ್ಜಿದಾರನಿಗೆ ಪರಿಹಾರ. ಅದು ಹೊಣೆಗಾರ ನೌಕರನಿಂದಲೇ ವಸೂಲಿ. ಮೊತ್ತ ಸಣ್ಣದಾದರೂ ತಡ ಎಂಬುದು ಲೆಕ್ಕದ ಪುಸ್ತಕಕ್ಕೆ ಏರಿತು.

ನೀವೂ ಹಾಗೆಯೇ ಮಾಡಿ. ಒಂದೇ ಪ್ರಶ್ನೆಗೆ ವಾರದಲ್ಲಿ ಎಷ್ಟು ಜನ ಮತ್ತೆ ಮತ್ತೆ ಫೋನ್ ಮಾಡುತ್ತಾರೆ? ಎಷ್ಟು ಅರ್ಜಿಗಳು ತಪ್ಪಾಗಿ ಹಿಂದಿರುಗುತ್ತವೆ? ಅದಕ್ಕೆ ಎಷ್ಟು ಗಂಟೆಗಳ ಸಂಬಳ ಖರ್ಚಾಗುತ್ತದೆ? ಎಣಿಸಿ. ಒಂದು ಹಂತ ತಿದ್ದಿ. ಮತ್ತೆ ಎಣಿಸಿ. ಆ ಎರಡು ಲೆಕ್ಕಗಳ ಅಂತರಕ್ಕಿಂತ ದೊಡ್ಡ ಸರ್ಟಿಫಿಕೇಟು ಇಲ್ಲ.

ಅಭ್ಯಾಸಕ್ಕೆ ದೂರ ಹೋಗಬೇಕಾಗಿಲ್ಲ. ಮೆಹದಿಪಟ್ಟಣಂ ಬಸ್ ನಿಲ್ದಾಣದಲ್ಲಿ, ರೈತು ಬಜಾರಿನಲ್ಲಿ ಒಂದು ಗಂಟೆ ನಿಂತು, ಜನ ಎಲ್ಲಿ ತಡವರಿಸುತ್ತಾರೆಂದು ಬರೆದುಕೊಳ್ಳಿ. ನಮ್ಮ ಸಂಘವನ್ನೂ ಬಿಡಬೇಡಿ. ಊರಿಗೆ ಹೊಸದಾಗಿ ಬಂದ ಕನ್ನಡ ಕುಟುಂಬವೊಂದು ಸದಸ್ಯತ್ವ ಪಡೆಯಲು ಎಷ್ಟು ಬಾರಿ ಅಲೆಯಬೇಕೆಂದು ನಮ್ಮ ಯುವಕ ಯುವತಿಯರು ಎಣಿಸಿ ಮಹಾಸಭೆಯ ಮುಂದಿಡಲಿ. ಕೋಪಿಸಿಕೊಳ್ಳದೆ ಕೇಳಿ ತಿದ್ದಿಕೊಳ್ಳುವುದು ಪದಾಧಿಕಾರಿಗಳ ಪಾಲಿನ ಸೇವೆ.