ಹಿರಿಯರೇನು ಹೊರೆಯೇ?

ಕೆಂಕೆರೆಯ ಮನೆಗಳಲ್ಲಿ ತೆಂಗಿನಕಾಯಿ ಉಂಡೆ ಕೊಬ್ಬರಿಯಾಗಲು ವರ್ಷದ ಹತ್ತಿರ ಅಟ್ಟದ ಮೇಲೆ ಕಾಯುತ್ತದೆ. ಸುಲಿಯುವಾಗ, ಚಿಪ್ಪು ಬಿಡಿಸುವಾಗ, ತಿಪಟೂರಿನ ಮಾರುಕಟ್ಟೆಗೆ ಸಾಗಿಸುವಾಗ ಅದೆಷ್ಟು ಜೋಪಾನ! ಹೋಳಾದ ಕೊಬ್ಬರಿಗೆ ಉಂಡೆಯ ಬೆಲೆಯಿಲ್ಲ. ಅದೇ ಅಟ್ಟದ ಕೆಳಗೆ ಪಾರ್ಶ್ವವಾಯು ಬಡಿದು ಮಲಗಿರುವ ತಂದೆಯನ್ನು ಆಸ್ಪತ್ರೆಗೆ ಒಯ್ಯುವ ಬಗೆ ಯಾವುದು? ಇಬ್ಬರು ಕಂಕುಳಿಗೆ ಕೈಕೊಟ್ಟು ಎತ್ತುತ್ತಾರೆ, ಆಟೋದೊಳಗೆ ತುರುಕುತ್ತಾರೆ.

2007ರಲ್ಲಿ ಸಂಸತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯನ್ನು ಅಂಗೀಕರಿಸಿತು. ಜಿಲ್ಲೆಗೆ ಕನಿಷ್ಠ ಒಂದರಂತೆ, 150 ಮಂದಿ ನಿರ್ಗತಿಕ ಹಿರಿಯರಿಗೆ ಸ್ಥಳಾವಕಾಶವಿರುವ ವೃದ್ಧಾಶ್ರಮದ ಮಾತು ಅದರ 19ನೇ ಕಲಮಿನಲ್ಲಿದೆ. ಸರಕಾರಿ ಆಸ್ಪತ್ರೆಯಲ್ಲಿ ಹಾಸಿಗೆ, ಪ್ರತ್ಯೇಕ ಸಾಲು ಎನ್ನುತ್ತದೆ 20ನೇ ಕಲಮು. ಆದರೆ ಆ ಸಾಲಿನವರೆಗೆ ತಲುಪುವುದು ಹೇಗೆಂಬ ಬಗ್ಗೆ ಆ ಕಲಮಿನಲ್ಲಿ ಒಂದಕ್ಷರವೂ ಇಲ್ಲ. ನಡೆಯಲಾಗದವನಿಗೆ ಪ್ರತ್ಯೇಕ ಸಾಲು ಯಾವ ಸೌಲಭ್ಯ?

108 ಇದೆಯಲ್ಲ ಎಂಬ ಸಿದ್ಧ ಉತ್ತರವೊಂದಿದೆ. 2008ರಲ್ಲಿ ರಾಜ್ಯದಲ್ಲಿ ಆರಂಭವಾದ ಆ ಸೇವೆ ಅನೇಕ ಜೀವಗಳನ್ನು ಉಳಿಸಿದೆ, ನಿಜ. ಆದರೆ ಅದಿರುವುದು ತುರ್ತಿಗೆ. ವಾರಕ್ಕೆ ಎರಡು-ಮೂರು ಬಾರಿ ಡಯಾಲಿಸಿಸ್‌ಗೆ ಹೋಗಬೇಕಾದ, ಮುಗಿದಾಗ ರಕ್ತದೊತ್ತಡ ಇಳಿದು ತಲೆ ಸುತ್ತುವ ವೃದ್ಧರನ್ನು ಮನೆಗೆ ತಲುಪಿಸುವವರಾರು? ಬಾಣಂತಿ ಮತ್ತು ಶಿಶುವನ್ನು ಉಚಿತವಾಗಿ ಮನೆಗೆ ಬಿಡಬೇಕೆಂದು 2011ರಲ್ಲೇ ಜನನಿ-ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಒಪ್ಪಿಕೊಂಡ ಸರಕಾರಕ್ಕೆ ಬದುಕಿನ ಇನ್ನೊಂದು ತುದಿ ಕಾಣಿಸಲಿಲ್ಲವೇಕೆ? 2023ರ ಶಕ್ತಿ ಯೋಜನೆ ಮಹಿಳೆಯರ ಟಿಕೆಟನ್ನು ಉಚಿತಗೊಳಿಸಿತು. ಬಸ್ಸಿನ ಮೆಟ್ಟಿಲನ್ನೇ ಹತ್ತಲಾಗದ ಅಜ್ಜಿಗೆ ಅದರಿಂದೇನು ಬಂತು?

ಸರಕಾರವನ್ನು ದೂರಿ ಕೈತೊಳೆದುಕೊಳ್ಳುವಂತೆಯೂ ಇಲ್ಲ. ಅಮೃತಶಿಲೆಯ ನೆಲ ಹಾಸಿ ದಾನಿಗಳ ಹೆಸರು ಕೆತ್ತಿಸುವ ಆಶ್ರಮಗಳಲ್ಲಿ ಗಾಲಿಕುರ್ಚಿ ಏರಿಸುವ ಇಳಿಜಾರು ಹಲಗೆಯುಳ್ಳ ವಾಹನ ಎಷ್ಟಿದೆ? ಕುರ್ಚಿಯನ್ನು ವಾಹನದ ನೆಲಕ್ಕೆ ನಾಲ್ಕೂ ಕಡೆ ಬಿಗಿಯದಿದ್ದರೆ ಒಂದು ಬ್ರೇಕಿಗೆ ಅದು ಉರುಳುತ್ತದೆ. ಕುರ್ಚಿಗೊಂದು ಪಟ್ಟಿ ಸಾಲದು, ಕುಳಿತವರಿಗೆ ಬೇರೆಯೇ ಪಟ್ಟಿ ಬೇಕು. ಸ್ವಾಧೀನ ತಪ್ಪಿದ ತೋಳನ್ನು ಹಿಡಿದೆಳೆದರೆ ಭುಜದ ಕೀಲು ಜಾರಬಹುದು. ಮೂತ್ರದ ಚೀಲ ಸದಾ ಮೂತ್ರಕೋಶಕ್ಕಿಂತ ಕೆಳಗಿರಬೇಕು. ಅದನ್ನು ರೋಗಿಯ ಎದೆಯ ಮೇಲಿಟ್ಟು ಸಾಗಿಸುವವರಿದ್ದಾರೆ! ಇದನ್ನೆಲ್ಲ ಕಲಿಯಲು ಕೆಲವು ದಿನಗಳ ತರಬೇತಿ ಸಾಕು. ಇನ್ನು "ಎತ್ತಲೇ ಅಜ್ಜಾ?" ಎಂದು ಕೇಳಿ ಮುಟ್ಟುವುದಕ್ಕೆ, ಸರಿದ ಸೀರೆಯನ್ನು ಸರಿಪಡಿಸಿ ಬಾಗಿಲು ತೆರೆಯುವುದಕ್ಕೆ ತರಬೇತಿಯೂ ಬೇಡ.

ಹುಳಿಯಾರು ಹೋಬಳಿಗೆ ಇಂಥ ಒಂದು ವಾಹನ, ತರಬೇತಾದ ಇಬ್ಬರು, ಮುಂಗಡವಾಗಿ ದಿನ ಗೊತ್ತುಪಡಿಸುವ ಒಂದು ದೂರವಾಣಿ: ಕೇಳುತ್ತಿರುವುದು ಇಷ್ಟೇ. ವೃದ್ಧಾಶ್ರಮಗಳಿಗೆ ಅನುದಾನ ಕೊಡುವ ಇಲಾಖೆಯು ಮುಂದಿನ ಕಂತನ್ನು ಬಿಡುಗಡೆ ಮಾಡುವ ಮುನ್ನ ಅಲ್ಲಿನ ವಾಹನದ ಬಾಗಿಲನ್ನೊಮ್ಮೆ ತೆರೆದು ನೋಡಲಿ.