ಕ್ಷ-ಕಿರಣ ಖಗೋಳ ದತ್ತಾಂಶ: ಚಿತ್ರದುರ್ಗ ಜಿಲ್ಲೆಯ ವಿದ್ಯಾರ್ಥಿಗಳಿಗೆ ಇರುವ ಅವಕಾಶ

ಭಾರತದ ಬಹುತರಂಗ ಖಗೋಳ ಉಪಗ್ರಹ ‘ಆಸ್ಟ್ರೋಸ್ಯಾಟ್’ ಅನ್ನು 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಉಡಾಯಿಸಲಾಯಿತು. ಐದು ವರ್ಷಗಳ ಸೇವೆಗೆಂದು ರೂಪಿಸಲಾಗಿದ್ದ ಇದು 2025ರಲ್ಲಿ ಕಕ್ಷೆಯಲ್ಲಿ ಹತ್ತು ವರ್ಷ ಪೂರೈಸಿದೆ. ಇದರ ದತ್ತಾಂಶವನ್ನು 2018ರಿಂದ ಸಾರ್ವಜನಿಕರಿಗೆ ತೆರೆಯಲಾಗಿದ್ದು, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಹಾಗೂ ಹೊಳಲ್ಕೆರೆಯ ಕಾಲೇಜುಗಳ ವಿಜ್ಞಾನ ವಿದ್ಯಾರ್ಥಿಗಳೂ ಅದನ್ನು ಪಡೆಯಬಹುದಾಗಿದೆ. ಈ ಅವಕಾಶದ ಅರಿವು ಜಿಲ್ಲೆಯಲ್ಲಿ ಇನ್ನಷ್ಟು ಹರಡಬೇಕಾಗಿದೆ.

ಕಪ್ಪುರಂಧ್ರದತ್ತ ಸೆಳೆಯಲ್ಪಡುವ ಅನಿಲವು ಕೋಟ್ಯಂತರ ಡಿಗ್ರಿ ಉಷ್ಣತೆಗೆ ಕಾದು ಕ್ಷ-ಕಿರಣಗಳನ್ನು ಸೂಸುತ್ತದೆ. ಭೂಮಿಯ ವಾಯುಮಂಡಲವು ಆ ಕಿರಣಗಳನ್ನು ಹೀರಿಕೊಳ್ಳುವುದರಿಂದ ಜೋಗಿಮಟ್ಟಿಯ ತುದಿಯಲ್ಲಿ ಎಷ್ಟೇ ದೊಡ್ಡ ದೂರದರ್ಶಕವನ್ನು ನಿಲ್ಲಿಸಿದರೂ ಅವು ಕಾಣಸಿಗುವುದಿಲ್ಲ. ಆದುದರಿಂದಲೇ ಆಸ್ಟ್ರೋಸ್ಯಾಟ್ ಸುಮಾರು 650 ಕಿ.ಮೀ. ಎತ್ತರದ ಕಕ್ಷೆಯಿಂದ ವೀಕ್ಷಣೆ ನಡೆಸುವಂತೆ ರೂಪಿತವಾಯಿತು. ಏಡಿ ನೀಹಾರಿಕೆಯ ಪಲ್ಸಾರ್‌ನಿಂದ ಬರುವ ಕ್ಷ-ಕಿರಣಗಳ ಧ್ರುವೀಕರಣ ಕುರಿತ ಇದರ ಮಾಪನವು 2017ರಲ್ಲಿ ಪ್ರಕಟವಾಯಿತು.

ಈ ಕ್ಷೇತ್ರದಲ್ಲಿ ಕರ್ನಾಟಕದ ಪಾಲು ಹಳೆಯದು. ಬೆಂಗಳೂರಿನ ಪೀಣ್ಯದಲ್ಲಿ ನಿರ್ಮಿಸಲಾದ ‘ಆರ್ಯಭಟ’ ಉಪಗ್ರಹವು 1975ರಲ್ಲೇ ಕ್ಷ-ಕಿರಣ ಉಪಕರಣವನ್ನು ಹೊತ್ತೊಯ್ದಿತ್ತು. ವಿದ್ಯುತ್ ದೋಷದಿಂದಾಗಿ ಪ್ರಯೋಗವು ಕೆಲವೇ ದಿನಗಳಲ್ಲಿ ನಿಂತಿತು. 2024ರ ಜನವರಿ 1ರಂದು ಉಡಾಯಿಸಲಾದ ‘ಎಕ್ಸ್‌ಪೋಸ್ಯಾಟ್’ನ ಎರಡು ಉಪಕರಣಗಳನ್ನು ಸಹ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಯು.ಆರ್. ರಾವ್ ಉಪಗ್ರಹ ಕೇಂದ್ರಗಳು ಸಿದ್ಧಪಡಿಸಿವೆ.

ದತ್ತಾಂಶವು ಬೆಂಗಳೂರಿನ ಹೊರವಲಯದ ಬ್ಯಾಲಾಳುವಿನಲ್ಲಿರುವ ಇಸ್ರೋ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರದಲ್ಲಿದೆ. ಅಂತರಜಾಲದ ಮೂಲಕ ನೋಂದಾಯಿಸಿಕೊಂಡು ಕಡತಗಳನ್ನು ಪಡೆಯಬಹುದು; ಕೇಂದ್ರಕ್ಕೆ ಖುದ್ದಾಗಿ ಹೋಗುವ ಅಗತ್ಯವಿಲ್ಲ. ವೀಕ್ಷಣೆಯನ್ನು ಕೋರಿದ ಸಂಶೋಧಕರಿಗೆ ಮೊದಲು ನಿಗದಿತ ಅವಧಿಯವರೆಗೆ ಮೀಸಲಿದ್ದು, ಅನಂತರ ಎಲ್ಲರಿಗೂ ತೆರೆದುಕೊಳ್ಳುತ್ತದೆ.

ನಿಜವಾದ ತೊಡಕು ಕಡತ ಕೈಸೇರಿದ ಮೇಲೆ ಆರಂಭವಾಗುತ್ತದೆ. ವಿಶ್ಲೇಷಣೆಯ ತಂತ್ರಾಂಶವು ಉಚಿತವೇ ಆದರೂ ಲಿನಕ್ಸ್‌ನಂತಹ ಕಾರ್ಯಾಚರಣಾ ವ್ಯವಸ್ಥೆಯನ್ನು ಬೇಡುತ್ತದೆ, ಕೈಪಿಡಿಗಳು ಇಂಗ್ಲಿಷಿನಲ್ಲಿವೆ. ಮಾರ್ಗದರ್ಶನ ನೀಡುವ ಅಧ್ಯಾಪಕರಿಲ್ಲದಿದ್ದರೆ ವಿದ್ಯಾರ್ಥಿಯು ಮೊದಲ ವಾರದಲ್ಲೇ ಕೈಬಿಡುವ ಸಂಭವವೇ ಹೆಚ್ಚು. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯು 1,500 ಎಕರೆ ಆವರಣವನ್ನು ಹೊಂದಿದ್ದು, ಅಲ್ಲಿನ ಪ್ರತಿಭಾ ವಿಕಸನ ಕೇಂದ್ರವು ವಿಜ್ಞಾನ ಅಧ್ಯಾಪಕರಿಗೆ ತರಬೇತಿ ನೀಡುತ್ತಾ ಬಂದಿದೆ. ಕಾಲೇಜುಗಳು ಇಂತಹ ತರಬೇತಿಗೆ ತಮ್ಮ ಭೌತಶಾಸ್ತ್ರ ಅಧ್ಯಾಪಕರನ್ನು ಕಳುಹಿಸುವುದು ಮೊದಲ ಹೆಜ್ಜೆಯಾಗಬಹುದು. ಅಭ್ಯಾಸವನ್ನು ಪ್ರಖರವಾದ ಏಡಿ ನೀಹಾರಿಕೆಯ ದತ್ತಾಂಶದಿಂದ ಆರಂಭಿಸುವುದು ಸೂಕ್ತ.