ಅದತ್ತಾದಾನವೂ ಗಣಕದ ಪರದೆಯೂ

ಕೊಡದುದನ್ನು ತೆಗೆದುಕೊಳ್ಳುವುದು ಜೈನಾಚಾರದಲ್ಲಿ ಅದತ್ತಾದಾನ, ಎಂದರೆ ಕಳವು. ವಸ್ತುವಿನ ಬೆಲೆಯನ್ನು ಅಲ್ಲಿ ಕೇಳುವುದಿಲ್ಲ. ಕೊಟ್ಟರೋ ಇಲ್ಲವೋ ಎಂಬುದಷ್ಟೇ ಪ್ರಶ್ನೆ. ಮೈಕ್ರೋಸಾಫ್ಟ್ ಸಂಸ್ಥೆ 2024ರ ಮೇ ತಿಂಗಳಲ್ಲಿ ಪ್ರಕಟಿಸಿದ ‘ರೀಕಾಲ್’ ಈ ಲಕ್ಷಣಕ್ಕೆ ಚೆನ್ನಾಗಿ ಒಪ್ಪುತ್ತದೆ. ಪರದೆಯ ಮೇಲೆ ಮೂಡಿದ್ದನ್ನು ಮತ್ತೆ ಮತ್ತೆ ಚಿತ್ರವಾಗಿ ಹಿಡಿದಿಟ್ಟು, ಕೃತಕ ಬುದ್ಧಿಮತ್ತೆಯಿಂದ ಹುಡುಕಿಕೊಡುವ ಏರ್ಪಾಡು ಅದು. ಹೊಸ ಗಣಕಗಳಲ್ಲಿ ತಾನಾಗಿಯೇ ಚಾಲೂ ಇರುವಂತೆ ಅದನ್ನು ಯೋಜಿಸಿದ್ದರು. ಪ್ರತಿಭಟನೆ ಎದ್ದ ಮೇಲೆ, ಜೂನ್‌ನಲ್ಲಿ, ಬೇಕೆಂದವರಿಗೆ ಮಾತ್ರ ಎಂದರು. (ಅದಕ್ಕೂ ಮುಂಚೆ, 2023ರಲ್ಲಿ, ‘ಕೋಪೈಲಟ್’ ಕರೆಯದ ನೆಂಟನಂತೆ ವಿಂಡೋಸ್ 11ರೊಳಗೆ ಬಂದು ಕುಳಿತಿತ್ತು.) ಚಿತ್ರಗಳು ಆ ಗಣಕದಲ್ಲಿಯೇ ಉಳಿಯುತ್ತವೆಂಬ ಸಮಜಾಯಿಷಿಯನ್ನು ಒಪ್ಪೋಣ, ಕೇಳದೆ ತೆಗೆಯಲು ಹೊರಟದ್ದಕ್ಕೆ ಅದು ಉತ್ತರವಾಗದು.

ಸಂಶೋಧಕರಿಗೆ ಇದು ದೂರದ ಮಾತಲ್ಲ. ಇಂಡಿ ಸೀಮೆಯ ಹಲಸಂಗಿ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಜನಪದ ತ್ರಿಪದಿಗಳನ್ನು ಸಂಗ್ರಹಿಸಿದರು. ಅಂಥ ಸಂಗ್ರಹದಲ್ಲಿ ಬರೆದುಕೊಳ್ಳುವವನು ಹಾಡುವವಳ ಕಣ್ಣೆದುರಿಗಿರುತ್ತಾನೆ. ಬೇಡವೆನಿಸಿದರೆ ಆಕೆ ಸುಮ್ಮನಾಗಬಹುದು. ಇಂದು ಅದೇ ಕೆಲಸಕ್ಕೆ ಹೊರಟ ವಿದ್ಯಾರ್ಥಿ ಹಾಡಿದವರ ಹೆಸರು, ಊರು, ಮನೆತನದ ಕಷ್ಟಸುಖಗಳನ್ನೆಲ್ಲ ಗಣಕಕ್ಕೆ ಇಳಿಸುತ್ತಾನೆ. ಆ ಪರದೆಯನ್ನು ಹಿಡಿದಿಡಲು ಯಂತ್ರಕ್ಕೆ ಅಪ್ಪಣೆ ಕೊಡುವ ಹಕ್ಕು ಅವನೊಬ್ಬನದಲ್ಲ, ಹಾಡಿದಾಕೆಯನ್ನೂ ಕೇಳಬೇಕಾಗುತ್ತದೆ.